ಹಲಗೆ ಮುಂದೋ ಹಿಂದೋ? ಹಗರಿ ಮರಳು ಮತ್ತು ನಮ್ಮ ಟ್ರ್ಯಾಕ್ಟರುಗಳ ಕಥೆ

ಚಳಿ ದೇಶದ ರೈತರಲ್ಲಿ ಒಂದು ಹಳೆಯ ತಕರಾರಿದೆ. ದಾರಿಯಲ್ಲಿ ಬಿದ್ದ ಹಿಮವನ್ನು ಎತ್ತಿ ಪಕ್ಕಕ್ಕೆ ಎಸೆಯುವ ಯಂತ್ರವನ್ನು ಟ್ರ್ಯಾಕ್ಟರಿನ ಮೂತಿಗೆ ಕಟ್ಟಬೇಕೋ, ಬೆನ್ನಿಗೆ ಕಟ್ಟಬೇಕೋ ಎಂಬುದು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ನಮ್ಮ ಸೀಮೆಗೆ ಈ ಮಾತು ತಮಾಷೆಯಾಗಿ ಕೇಳಿಸಬಹುದು. ಹಿಮವೆಂದರೆ ನಮ್ಮ ಮಕ್ಕಳಿಗೆ ಪಠ್ಯಪುಸ್ತಕದ ಒಂದು ಚಿತ್ರ, ಅಷ್ಟೆ. ಆದರೆ ಗಾಳಿ ಹೊತ್ತು ತಂದು ಹೊಲದ ಮೇಲೆ ಸುರಿದು ಹೋಗುವ ವಸ್ತುವೊಂದು ನಮ್ಮಲ್ಲೂ ಇದೆ. ಅದು ಹಗರಿಯ ಮರಳು. ಅದನ್ನು ತಳ್ಳುವ ಹಲಗೆ ಟ್ರ್ಯಾಕ್ಟರಿನ ಮುಂದಿರಬೇಕೋ ಹಿಂದಿರಬೇಕೋ ಎಂಬ ಪ್ರಶ್ನೆ ರಾಯದುರ್ಗದ ಕಡೆಯ ರೈತನಿಗೂ ಎದುರಾಗಿದೆ.

ಹಗರಿ ಎಂದರೆ ವೇದಾವತಿಯೇ. ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಹುಟ್ಟಿ, ಹಿರಿಯೂರಿನ ಬಳಿ 1907ರಲ್ಲಿ ಮುಗಿದ ಮಾರಿಕಣಿವೆ ಅಣೆಕಟ್ಟಿನಲ್ಲಿ ನಿಂತು, ಚಳ್ಳಕೆರೆ ಸೀಮೆ ದಾಟಿ ನಮ್ಮ ರಾಯದುರ್ಗ ತಾಲ್ಲೂಕಿಗೆ ಬರುತ್ತದೆ. ಗುಮ್ಮಗಟ್ಟ ಮಂಡಲದಲ್ಲಿ ಭೈರವಾನಿತಿಪ್ಪ ಅಣೆಕಟ್ಟು. ಅಲ್ಲಿಂದ ಕೆಳಗೆ ವರ್ಷದ ಬಹುಪಾಲು ತಿಂಗಳು ನದಿಯಲ್ಲಿ ನೀರಿಗಿಂತ ಮರಳೇ ಕಣ್ಣಿಗೆ ಬೀಳುವುದು. ಮುಂಗಾರಿನ ಪಶ್ಚಿಮದ ಗಾಳಿ ಬೀಸತೊಡಗಿದರೆ ಆ ಒಣ ಮರಳು ಎದ್ದು ಪೂರ್ವದ ದಡ ಏರುತ್ತದೆ. ಬೊಮ್ಮನಹಾಳ್ ಮಂಡಲದ ದರ್ಗಾ ಹೊನ್ನೂರು, ಕಣೇಕಲ್ಲು ಕಡೆ ಹೋದವರಿಗೆ ಆ ದಿಬ್ಬಗಳನ್ನು ನಾವು ವರ್ಣಿಸಬೇಕಿಲ್ಲ. ಹೊಸಬರು ರಾಜಸ್ಥಾನಕ್ಕೆ ಬಂದೆವೇ ಎನ್ನುತ್ತಾರೆ.

ಇದು ಇಂದು ನಿನ್ನೆಯ ಕಾಟವಲ್ಲ. 1904ರ ಬಳ್ಳಾರಿ ಗೆಜೆಟಿಯರಿನಲ್ಲೇ ಹಗರಿಯ ಮರಳು ದಿಬ್ಬಗಳ ಪ್ರಸ್ತಾಪವಿದೆ. ಬಳ್ಳಾರಿ ಗೆಜೆಟಿಯರಿನಲ್ಲಿ ನಮ್ಮ ನದಿಯ ಮಾತೇಕೆ ಎಂದು ಕಿರಿಯರು ಕೇಳಬಹುದು. 1953ರ ಅಕ್ಟೋಬರ್ 1ರವರೆಗೆ ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆಂಧ್ರ ರಾಜ್ಯ ಹುಟ್ಟಿದ ಆ ದಿನ ಆದವಾನಿ, ಆಲೂರು, ರಾಯದುರ್ಗಗಳು ಆ ಕಡೆಗೆ ಹೋದವು, ಉಳಿದ ಬಳ್ಳಾರಿ ಮೈಸೂರಿಗೆ ಸೇರಿತು. ಗಡಿ ಬಂದಿತು, ಮರಳಿಗೆ ಮಾತ್ರ ಗಡಿ ಗೊತ್ತಾಗಲಿಲ್ಲ. (ಮಡಕಶಿರ ಮೊದಲಿನಿಂದಲೂ ಅನಂತಪುರದ ತಾಲ್ಲೂಕು. 2022ರ ಏಪ್ರಿಲ್‌ನಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಹೀಗೆ ನಮ್ಮ ಎರಡು ಕನ್ನಡ ಸೀಮೆಗಳು ಈಗ ಎರಡು ಜಿಲ್ಲೆಗಳಾಗಿವೆ.)

ಎತ್ತಿನ ಕಾಲದಲ್ಲಿ ಮುಂದೋ ಹಿಂದೋ ಎಂಬ ಪ್ರಶ್ನೆಯೇ ಇರಲಿಲ್ಲ. ಎತ್ತು ಮುಂದೆ, ಕೊರಡು ಹಿಂದೆ. ನೇಗಿಲು, ಕುಂಟೆ, ಕೂರಿಗೆ ಎಲ್ಲವೂ ಎಳೆಯುವ ವಸ್ತುಗಳು. ನಮ್ಮ ಮಕ್ಕಳಿಗೆ ಇವಕ್ಕೆ ಎರಡೆರಡು ಹೆಸರು ಗೊತ್ತು. ಮನೆಯಲ್ಲಿ ಕುಂಟೆ, ಸಂತೆಯಲ್ಲಿ ಗುಂಟಕ. ಮನೆಯಲ್ಲಿ ಕೂರಿಗೆ, ಸಂತೆಯಲ್ಲಿ ಗೊರ್ರು. ಎಳೆಯುವುದರಲ್ಲಿ ಒಂದು ಲಾಭವಿದೆ. ಕೂರಿಗೆ ಸಾಲು ಬಿಡುತ್ತಾ ಹೋದ ಮೇಲೆ ಆ ಸಾಲನ್ನು ಯಾರ ಕಾಲೂ ತುಳಿಯುವುದಿಲ್ಲ. ತುಳಿಯುವುದೆಲ್ಲ ಮೊದಲೇ ಆಗಿಹೋಗಿರುತ್ತದೆ. ಬಿತ್ತನೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೊಂದಿಲ್ಲ. ಮರಳು ತೆಗೆಯಲು ಮಾತ್ರ ಇದು ತಿರುಗುಮುರುಗು. ಮೊಣಕಾಲುದ್ದ ಮರಳಿಗೆ ಎತ್ತುಗಳನ್ನು ಮೊದಲು ಇಳಿಸಿ, ಅವು ಹೂತು ಒದ್ದಾಡಿದ ಮೇಲೆ ಹಲಗೆ ಬಂದು ಒಂದಿಷ್ಟು ಮರಳು ಎಳೆಯಬೇಕು.

ಟ್ರ್ಯಾಕ್ಟರ್ ಬಂದ ಮೇಲೂ ಉಪಕರಣ ಹಿಂದೆಯೇ ಉಳಿಯಿತು. ಇದಕ್ಕೆ ಎತ್ತಿನ ಅಭ್ಯಾಸ ಒಂದು ಕಾರಣವಾದರೆ, ಹ್ಯಾರಿ ಫರ್ಗುಸನ್ ಎಂಬ ಐರ್ಲೆಂಡಿನ ಮೆಕ್ಯಾನಿಕ್ ಇನ್ನೊಂದು ಕಾರಣ. ಮೊದಲ ಮಹಾಯುದ್ಧದ ಹೊತ್ತಿಗೆ, 1917ರಲ್ಲಿ, ಆ ದೇಶದ ಟ್ರ್ಯಾಕ್ಟರ್ ಉಳುಮೆಯನ್ನು ಸುಧಾರಿಸುವ ಕೆಲಸ ಇವನ ಪಾಲಿಗೆ ಬಂತು. ಆಗಿನ ಟ್ರ್ಯಾಕ್ಟರುಗಳು ನೇಗಿಲನ್ನು ಸರಪಳಿಯಿಂದ ಎಳೆಯುತ್ತಿದ್ದವು. ನೇಗಿಲು ಬಂಡೆಗೆ ಸಿಕ್ಕರೆ ಮುಂದಿನ ಗಾಲಿ ಮೇಲೆದ್ದು ಟ್ರ್ಯಾಕ್ಟರ್ ಚಾಲಕನ ಮೇಲೆಯೇ ಮಗುಚುತ್ತಿತ್ತು. ಫರ್ಗುಸನ್ ಕೆಳಗೆ ಎರಡು ತೋಳು, ಮೇಲೆ ಒಂದು ತೋಳು ಇಟ್ಟು, ನೇಗಿಲನ್ನು ಟ್ರ್ಯಾಕ್ಟರಿನ ಬೆನ್ನಿಗೇ ಬಿಗಿದನು. ಆಗ ನೇಗಿಲಿನ ಎಳೆತ ಮೇಲಿನ ತೋಳಿನ ಮೂಲಕ ಬಂದು ಮುಂದಿನ ಗಾಲಿಯನ್ನು ನೆಲಕ್ಕೆ ಅದುಮತೊಡಗಿತು. ಹಿಂದಿನ ಗಾಲಿಗೂ ಹಿಡಿತ ಹೆಚ್ಚಿತು. 1939ರಲ್ಲಿ ಫೋರ್ಡ್ ಕಂಪನಿ ಈ ಏರ್ಪಾಡಿನ ಟ್ರ್ಯಾಕ್ಟರನ್ನು ಮಾರುಕಟ್ಟೆಗೆ ತಂದಿತು. ನಮ್ಮ ಡ್ರೈವರುಗಳು 'ಲಿಫ್ಟ್' ಎನ್ನುವುದು ಇದನ್ನೇ. 1960ರಲ್ಲಿ ಮದ್ರಾಸಿನಲ್ಲಿ ಶುರುವಾದ ಟಾಫೆ ಕಂಪನಿಯ ಮ್ಯಾಸ್ಸಿ ಫರ್ಗುಸನ್ ಟ್ರ್ಯಾಕ್ಟರಿನಲ್ಲಿ ಆತನ ಹೆಸರೇ ಉಳಿದಿದೆ.

ಹಿಮದ ಕಡೆಯ ಚರಿತ್ರೆ ಬೇರೆ ದಿಕ್ಕಿನಿಂದ ಬಂತು. ಕೆನಡಾದ ಆರ್ಥರ್ ಸಿಕಾರ್ಡ್ 1925ರಲ್ಲಿ ಹಿಮ ಎಸೆಯುವ ಯಂತ್ರ ಕಟ್ಟಿದಾಗ ಅದನ್ನು ಲಾರಿಯ ಮುಂಭಾಗದಲ್ಲಿ ಇಟ್ಟನು. ಅದಕ್ಕೂ ಮೊದಲೇ ರೈಲು ಹಳಿಯ ಹಿಮ ತೆಗೆಯುವ ಚಕ್ರಗಳನ್ನೂ ಮುಂದೆಯೇ ಇಡುತ್ತಿದ್ದರು. ತೆಗೆಯಬೇಕಾದ್ದನ್ನು ತುಳಿಯುವ ಮೊದಲು ತೆಗೆಯಬೇಕು ಎಂಬುದು ಅದರ ಸರಳ ತರ್ಕ. ನಮ್ಮ ದೇಶದಲ್ಲೂ ಗಡಿ ರಸ್ತೆಗಳ ಸಂಸ್ಥೆ ಝೋಜಿ ಲಾದಂಥ ಕಣಿವೆಗಳನ್ನು ಬಿಡಿಸುವುದು ಮೂತಿಯಲ್ಲೇ ಯಂತ್ರವಿರುವ ಗಾಡಿಗಳಿಂದ. ಸಣ್ಣ ರೈತನ ಸ್ಥಿತಿ ಬೇರೆ. ಅವನ ಟ್ರ್ಯಾಕ್ಟರಿನಲ್ಲಿ ಶಕ್ತಿ ಹೊರಬರುವ ದಂಡ, ಅಂದರೆ ನಿಮಿಷಕ್ಕೆ 540 ಸುತ್ತು ತಿರುಗುವ ಪಿಟಿಓ, ಇರುವುದು ಹಿಂದೆ. ಹಿಮಯಂತ್ರವನ್ನು ಅಲ್ಲಿಗೇ ಸಿಕ್ಕಿಸಿದರೆ ಖರ್ಚು ಕಡಿಮೆ. ಆದರೆ ದಿನವಿಡೀ ಕತ್ತು ಹಿಂದೆ ತಿರುಗಿಸಿ ಟ್ರ್ಯಾಕ್ಟರನ್ನು ರಿವರ್ಸಿನಲ್ಲೇ ಓಡಿಸಬೇಕು. ಮುಂದೆ ಕಟ್ಟಿದರೆ ಕತ್ತಿಗೆ ಸುಖ, ಜೇಬಿಗೆ ದುಃಖ.

ಹಾಗಾದರೆ ಆ ಯಂತ್ರವನ್ನೇ ತಂದು ಹಗರಿ ದಂಡೆಯಲ್ಲಿ ಬಿಡಬಾರದೇ? ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಗಣಿತದ ಮೇಷ್ಟ್ರಿಗೆ ಸಂತೋಷವಾಗಲಿ. ಆಗಷ್ಟೇ ಬಿದ್ದ ಹಿಮ ಒಂದು ಘನ ಮೀಟರಿಗೆ ಸುಮಾರು 100 ಕಿಲೋ ತೂಗುತ್ತದೆ. ಒಣ ಮರಳು ಸುಮಾರು 1600 ಕಿಲೋ. ಹದಿನಾರು ಪಟ್ಟು! ಒಂದು ಎಕರೆ ಎಂದರೆ 4047 ಚದರ ಮೀಟರ್. ಅದರ ಮೇಲೆ ಬರೀ 30 ಸೆಂಟಿಮೀಟರ್ ಮರಳು ಕೂತರೂ 1200 ಘನ ಮೀಟರ್ ದಾಟುತ್ತದೆ, ತೂಕ 1900 ಟನ್ನಿಗೂ ಮೇಲೆ. ಟ್ರಾಲಿಗೆ 3 ಘನ ಮೀಟರಿನಂತೆ ಹಿಡಿದರೆ 400 ಟ್ರಾಲಿ ಆಯಿತು. ಮೇಲಾಗಿ ಮರಳು ಹಿಮದಂತೆ ಕರಗುವುದಿಲ್ಲ, ಉಜ್ಜುತ್ತದೆ. ತಿರುಗುವ ರೆಕ್ಕೆ, ಬೇರಿಂಗು ಎಲ್ಲ ಸವೆದು ಹೋಗುತ್ತವೆ. ಎತ್ತಿ ಎಸೆದರೂ ಗಾಳಿ ಅದನ್ನು ಮತ್ತೆ ಹೊಲಕ್ಕೇ ತಂದು ಕೊಡುತ್ತದೆ. ಆದ್ದರಿಂದ ನಮಗೆ ಎಸೆಯುವ ಯಂತ್ರ ಒಗ್ಗದು, ತಳ್ಳುವ ಹಲಗೆಯೇ ಗತಿ.

ಹಿಂದಿನ ಹಲಗೆಯ ಪರವಾಗಿ ಹೇಳಬೇಕಾದ್ದು ಬಹಳವಿದೆ. ಬೆಲೆ ಕಡಿಮೆ, ಮೂರು ಪಿನ್ನು ಹಾಕಿದರೆ ಕೂತಿತು, ತೆಗೆದರೆ ಬಂತು. ಮಟ್ಟ ಮಾಡುವುದಕ್ಕೆ, ಬದುವಿಗೆ ಮಣ್ಣು ಎಳೆಯುವುದಕ್ಕೆ ಚೆನ್ನಾಗಿ ಒದಗುತ್ತದೆ. ಮರಳಿನಲ್ಲಿ ಅದರ ಕುಂದು ಎದ್ದು ಕಾಣುತ್ತದೆ. ಗಾಲಿ ಮೊದಲು ದಿಬ್ಬಕ್ಕೆ ಏರಬೇಕು, ಏರಿದ ಗಾಲಿ ಹೂಳಬೇಕು. ಇನ್ನೊಂದು ಮಾತು: ನಮ್ಮ ಬಹುತೇಕ ಟ್ರ್ಯಾಕ್ಟರುಗಳ ಲಿಫ್ಟ್ ಮೇಲಕ್ಕೆ ಎತ್ತಬಲ್ಲದೇ ಹೊರತು ಕೆಳಕ್ಕೆ ಒತ್ತಲಾರದು. ಹಲಗೆ ತನ್ನ ಭಾರದಿಂದ ಮಾತ್ರ ಇಳಿಯುತ್ತದೆ. ಗಟ್ಟಿಯಾಗಿ ಕೂತ ಮರಳಿನ ಮೇಲೆ ಅದು ಜಾರಿಕೊಂಡು ಹೋಗುತ್ತದೆ.

ಮುಂದಿನ ಹಲಗೆ, ನಮ್ಮವರ ಮಾತಿನಲ್ಲಿ ಡೋಜರ್, ತನ್ನ ದಾರಿಯನ್ನು ತಾನೇ ಮಾಡಿಕೊಂಡು ಹೋಗುತ್ತದೆ. ಚಾಲಕನ ಕಣ್ಣೆದುರೇ ಕೆಲಸ. ಎರಡೂ ಕಡೆಗೆ ದುಡಿಯುವ ಸಿಲಿಂಡರ್ ಇದ್ದರೆ ಒತ್ತಲೂ ಬಹುದು. ಆದರೆ ಭಾರವೆಲ್ಲ ಮುಂದಿನ ಸಣ್ಣ ಗಾಲಿಗಳ ಮೇಲೆ ಬಿದ್ದು ಸ್ಟೀರಿಂಗ್ ಕಲ್ಲಾಗುತ್ತದೆ. ಹಿಂದಿನ ಗಾಲಿ ಹಗುರಾಗಿ ಸುಮ್ಮನೆ ಸುತ್ತುತ್ತದೆ. ಟೈರಿಗೆ ನೀರು ತುಂಬಿಸುವುದೋ ಹಿಂದೆ ಭಾರ ಕಟ್ಟುವುದೋ ಮಾಡಬೇಕು. ಚಾಸಿಗೆ ಬೋಲ್ಟ್ ಹಾಕಿ ಬಿಗಿಯುವ ಆ ಚೌಕಟ್ಟನ್ನು ದಿನಾ ಬಿಚ್ಚಿ ಕಟ್ಟಲಾಗುವುದಿಲ್ಲ.

ಇಷ್ಟನ್ನು ಯಾವ ಡೀಲರನಾದರೂ ಹೇಳುತ್ತಾನೆ. ನಮ್ಮ ಸೀಮೆಯಲ್ಲಿ ತೀರ್ಮಾನ ಮಾಡುವುದು ಪಂಚಾಂಗ ಎಂದು ನಮ್ಮ ಅನಿಸಿಕೆ. ಚಳಿ ದೇಶದಲ್ಲಿ ಹಿಮ ಬೀಳುವಾಗ ಹೊಲ ಮಲಗಿರುತ್ತದೆ. ಟ್ರ್ಯಾಕ್ಟರಿಗೆ ಬೇರೆ ಕೆಲಸವಿಲ್ಲ, ಬೆನ್ನು ಖಾಲಿ. ಇಲ್ಲಿ ಮರಳು ಏಳುವುದು ಜೂನ್, ಜುಲೈ, ಆಗಸ್ಟ್‌ನಲ್ಲಿ. ಶೇಂಗಾ ಬಿತ್ತುವುದೂ ಜೂನ್, ಜುಲೈನಲ್ಲಿ. ಒಂದು ಹದ ಮಳೆ ಬಿದ್ದರೆ ಕೆಂಪು ಮಣ್ಣಿನಲ್ಲಿ ತೇವ ನಿಲ್ಲುವುದು ಕೆಲವೇ ದಿನ. ಆ ದಿನಗಳಲ್ಲಿ ಟ್ರ್ಯಾಕ್ಟರಿನ ಬೆನ್ನು ಗೊರ್ರಿಗೆ ಬೇಕೇ ಬೇಕು. ಅಲ್ಲಿ ಹಲಗೆ ಸಿಕ್ಕಿಸಿ ಮರಳು ಎಳೆಯುತ್ತಾ ಕೂತರೆ ಹದ ತಪ್ಪುತ್ತದೆ, ಹದ ತಪ್ಪಿದರೆ ವರ್ಷವೇ ತಪ್ಪಿತು. ಆದ್ದರಿಂದ ನದಿ ದಂಡೆಯವನಿಗೆ ಮುಂದಿನ ಹಲಗೆಯೇ ಲೇಸು, ಬೆನ್ನು ಬಿತ್ತನೆಗೆ ಮೀಸಲು. ಬಿತ್ತುವಾಗಲೂ ಮೂತಿಯ ಭಾರ ಹೊರಬೇಕಲ್ಲ ಎಂದು ಯಾರಾದರೂ ಕೇಳಿದರೆ, ಹೌದು, ಡೀಸೆಲ್ ಹೆಚ್ಚು ತಿನ್ನುತ್ತದೆ, ತಿರುವಿನಲ್ಲಿ ತೋಳು ಸೋಲುತ್ತದೆ. ಆದರೂ ಹದಕ್ಕಿಂತ ಡೀಸೆಲ್ ಅಗ್ಗ.

ಮಡಕಶಿರದ ಕಡೆಯವರ ಉತ್ತರ ಬೇರೆಯಾಗಬಹುದು. ಅಗಳಿ, ರೊಳ್ಳ, ಅಮರಾಪುರದ ಕಡೆ ಮರಳು ದಿಬ್ಬಗಳ ಕಾಟವಿಲ್ಲ, ಕೆಂಪು ನೆಲ, ಗುಡ್ಡ, ಕೆರೆಗಳು. ಅಲ್ಲಿ ಬೇಸಿಗೆಯಲ್ಲಿ ಬತ್ತಿದ ಕೆರೆಯ ಗೋಡು ಹೊಡೆಯುವುದು, ಬದು ಹಾಕುವುದು ಮುಖ್ಯ. ಬೇಸಿಗೆಯಲ್ಲಿ ಟ್ರ್ಯಾಕ್ಟರಿನ ಬೆನ್ನು ಬಿಡುವಾಗಿರುತ್ತದೆ, ಹಿಂದಿನ ಅಗ್ಗದ ಹಲಗೆಯೇ ಸಾಕು. ಗೋಡು ತುಂಬುವ ಕೆಲಸ ಮೊದಲು ಗುದ್ದಲಿ ಬುಟ್ಟಿಯದು, ಆಮೇಲೆ ಜೆಸಿಬಿಯದು.

ಜೆಸಿಬಿಯ ಹೆಸರು ಬಂದದ್ದರಿಂದ ಹೇಳಿಬಿಡೋಣ. ಅದು ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಎಂಬ ಇಂಗ್ಲೆಂಡಿನವನ ಹೆಸರಿನ ಮೂರು ಅಕ್ಷರ. 1945ರಲ್ಲಿ ಆತ ಶುರು ಮಾಡಿದ್ದು ಟ್ರ್ಯಾಕ್ಟರಿನ ಹಿಂದೆ ಎಳೆಯುವ ಟ್ರೇಲರಿನಿಂದ. 1953ರಲ್ಲಿ ಒಂದೇ ಯಂತ್ರಕ್ಕೆ ಮುಂದೆ ಮೊರ, ಹಿಂದೆ ಅಗೆಯುವ ಕೈ ಎರಡನ್ನೂ ಇಟ್ಟನು. ರಾಯದುರ್ಗ ಆಂಧ್ರಕ್ಕೆ ಸೇರಿದ ವರ್ಷವೇ ಅದು! 1979ರಿಂದ ನಮ್ಮ ದೇಶದಲ್ಲೂ ತಯಾರಾಗುತ್ತಿದೆ. ಗಂಟೆ ಬಾಡಿಗೆಗೆ ಜೆಸಿಬಿ ಸಿಗುವ ಈ ಕಾಲದಲ್ಲಿ ಎಷ್ಟೋ ಮಂದಿ ಟ್ರ್ಯಾಕ್ಟರಿಗೆ ಮುಂದಿನ ಹಲಗೆ ಕೊಳ್ಳುವ ಗೋಜಿಗೇ ಹೋಗುವುದಿಲ್ಲ. ಆದರೆ ಗಾಳಿ ಎದ್ದ ವಾರದಲ್ಲಿ ಎಲ್ಲರಿಗೂ ಒಟ್ಟಿಗೇ ಬೇಕಾಗುತ್ತದೆ, ಬಾಡಿಗೆ ಗಾಡಿ ದೊಡ್ಡ ಹೊಲದವನ ಬಳಿ ಮೊದಲು ನಿಲ್ಲುತ್ತದೆ.

ತಳ್ಳಿದ ಮರಳನ್ನು ಎಲ್ಲಿ ಹಾಕುವುದು? ಪೂರ್ವದ ಬದುವಿಗೆ ತಳ್ಳಿದರೆ ಪಕ್ಕದವನ ಹೊಲಕ್ಕೆ ಕಾಟ. ಟ್ರಾಲಿಗೆ ತುಂಬಿ ಮಾರೋಣವೆಂದರೆ ನೀರು, ಭೂಮಿ, ಮರಗಳ 2002ರ ಕಾಯ್ದೆ ಬಂದ ಮೇಲೆ ಮರಳು ಸಾಗಿಸಲು ಅನುಮತಿ ಬೇಕು. ಬಲ್ಲವರು ಮರಳನ್ನು ಪಶ್ಚಿಮದ ಬದುವಿಗೇ ಹಿಂದಕ್ಕೆ ತಳ್ಳಿ, ಅದರ ಮೇಲೆ ಮಳೆಗಾಲದಲ್ಲಿ ಹುಲ್ಲು, ಸರ್ವೆ, ಹೊಂಗೆ ಹಿಡಿಸಲು ನೋಡುತ್ತಾರೆ. ಬೇರು ಹಿಡಿಯಲು ಎರಡು ಮೂರು ಮಳೆಗಾಲ ಬೇಕು. ಅಲ್ಲಿಯವರೆಗೆ ಪ್ರತಿ ಜುಲೈನಲ್ಲೂ ಮೂತಿಗೆ ಹಲಗೆ, ಬೆನ್ನಿಗೆ ಗೊರ್ರು ಕಟ್ಟಿಕೊಂಡು ಟ್ರ್ಯಾಕ್ಟರ್ ಹೊಲಕ್ಕೆ ಇಳಿಯಬೇಕು.