ಅತಿವೇಗದ ರೈಲು ಮತ್ತು ಪ್ರಾದೇಶಿಕ ಸುಗಮ್ಯತೆಯ ಮಾಪನ

ಹೊಸ ಅತಿವೇಗದ ರೈಲುಮಾರ್ಗ ಬಂದ ಮೇಲೆ ಒಂದು ಊರಿನವರಿಗೆ ಬೇರೆ ಊರುಗಳ ಕೆಲಸ, ಮಾರುಕಟ್ಟೆ, ವಿದ್ಯಾಸಂಸ್ಥೆಗಳು ಎಷ್ಟು ಹತ್ತಿರವಾದವು, ಆ ಲಾಭ ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ ಸಂದಿತು ಎಂದು ಲೆಕ್ಕ ಹಾಕುವ ಕ್ರಮ. ಹೀಗೆ ತಲುಪಬಲ್ಲ ಅನುಕೂಲವೇ ಸುಗಮ್ಯತೆ. ಈ ಅಧ್ಯಯನ ಹುಲುಸಾಗಿ ಬೆಳೆದದ್ದು ಸ್ಪೇನಿನಲ್ಲಿ. ಸೆವಿಲ್‌ನ ವಿಶ್ವ ಪ್ರದರ್ಶನಕ್ಕೆಂದು 1992ರ ಏಪ್ರಿಲ್‌ನಲ್ಲಿ 471 ಕಿ.ಮೀ. ಉದ್ದದ ಮ್ಯಾಡ್ರಿಡ್–ಸೆವಿಲ್ ಮಾರ್ಗ ತೆರೆಯಿತು. 2008ರಲ್ಲಿ ಮ್ಯಾಡ್ರಿಡ್–ಬಾರ್ಸಿಲೋನಾ ಮಾರ್ಗ ಪೂರ್ಣಗೊಂಡಿತು. ಅತಿವೇಗದ ಮಾರ್ಗಗಳ ಒಟ್ಟು ಉದ್ದದಲ್ಲಿ ಚೀನಾ ಬಿಟ್ಟರೆ ಸ್ಪೇನಿನದೇ ಮುಂದಿನ ಸ್ಥಾನ.

ಲೆಕ್ಕದ ಬೇರು ಹಳೆಯದು. ವಾಲ್ಟರ್ ಹ್ಯಾನ್ಸೆನ್ 1959ರಲ್ಲಿ ಕೊಟ್ಟ ಸೂತ್ರದ ತಿರುಳು ಇಷ್ಟು: ದೊಡ್ಡ ಊರಿನ ಸೆಳೆತ ಹೆಚ್ಚು, ದೂರವಾದಷ್ಟೂ ಅದು ಕುಗ್ಗುತ್ತದೆ. ಸರಳವಾಗಿ ಜನಸಂಖ್ಯೆಯನ್ನು ಪ್ರಯಾಣದ ತಾಸುಗಳಿಂದ ಭಾಗಿಸುವುದಾದರೆ, ಅರುವತ್ತು ಲಕ್ಷ ಜನರ ನಗರ ಎರಡು ತಾಸಿನ ದೂರದಲ್ಲಿದ್ದರೆ ನಮ್ಮ ಊರಿನ ಖಾತೆಗೆ ಮೂವತ್ತು ಲಕ್ಷ ಜಮೆ. ಪ್ರಯಾಣ ಒಂದೇ ತಾಸಿಗೆ ಇಳಿದರೆ ಅರುವತ್ತು ಲಕ್ಷ. ಎಲ್ಲ ಊರುಗಳ ಜಮೆ ಕೂಡಿದರೆ ಬರುವುದು ‘ಆರ್ಥಿಕ ವಿಭವ’. ಮ್ಯಾಡ್ರಿಡ್‌ನ ಭೂಗೋಳಜ್ಞ ಹಾವಿಯೆರ್ ಗುತಿಯೆರೆಸ್ 2001ರಲ್ಲಿ ಮ್ಯಾಡ್ರಿಡ್–ಬಾರ್ಸಿಲೋನಾ–ಫ್ರೆಂಚ್ ಗಡಿ ಮಾರ್ಗವನ್ನು ಅಳೆಯುವಾಗ ಇದರ ಜೊತೆಗೆ ಇನ್ನೆರಡು ಮಾನಕಗಳನ್ನು ಇಟ್ಟುಕೊಂಡರು: ಊರುಗಳ ಗಾತ್ರಕ್ಕೆ ತಕ್ಕಂತೆ ತೂಗಿದ ಸರಾಸರಿ ಪ್ರಯಾಣಕಾಲ, ಮತ್ತು ಹೋಗಿ ಕೆಲಸ ಮುಗಿಸಿ ಅದೇ ದಿನ ಮರಳಬಹುದಾದ ಅವಧಿಯೊಳಗೆ ಸಿಗುವ ಜನಸಂಖ್ಯೆ. ಮೂರನೆಯದರಲ್ಲಿ ಒಂದು ತೊಡಕಿದೆ. ಮಿತಿ ನಾಲ್ಕು ತಾಸು ಎಂದಿಟ್ಟರೆ ಮೂರು ತಾಸು ಐವತ್ತೈದು ನಿಮಿಷದ ಊರು ಪೂರ್ತಿ ಲೆಕ್ಕಕ್ಕೆ ಬರುತ್ತದೆ, ನಾಲ್ಕು ತಾಸು ಐದು ನಿಮಿಷದ್ದು ಬರುವುದೇ ಇಲ್ಲ.

ಅಸಮಾನತೆಯನ್ನು ಅಳೆಯಲು ಈ ಅಂಕಗಳ ಮೇಲೆ ವ್ಯತ್ಯಯ ಗುಣಾಂಕವನ್ನೋ (ಸರಾಸರಿಗೆ ಹೋಲಿಸಿದ ಏರುಪೇರು) ಗಿನಿ ಸೂಚ್ಯಂಕವನ್ನೋ ಹಾಕುತ್ತಾರೆ. ಮಾರ್ಗ ಬರುವ ಮೊದಲಿಗಿಂತ ಅದು ಏರಿದರೆ ಧ್ರುವೀಕರಣ, ಇಳಿದರೆ ಸಮತೋಲನ. ಆದರೆ ಉತ್ತರ ಒಂದೇ ಇರುವುದಿಲ್ಲ. ಅದೇ ಮಾರ್ಗ ಯೂರೋಪಿನ ನಕ್ಷೆಯಲ್ಲಿ ಅಂತರ ತಗ್ಗಿಸಿದಂತೆಯೂ ದೇಶದೊಳಗೆ ಹೆಚ್ಚಿಸಿದಂತೆಯೂ ಕಾಣಬಹುದು. ಮಾನಕ ಬದಲಾದರೂ ತೀರ್ಪು ಬದಲಾಗುತ್ತದೆ. ಎಲ್ಲ ಊರುಗಳ ಪ್ರಯಾಣಕಾಲ ಅರ್ಧಕ್ಕಿಳಿದರೆ ನಿಮಿಷಗಳ ಅಂತರವೂ ಅರ್ಧವಾಗುತ್ತದೆ, ಗುಣಾಂಕ ಮಾತ್ರ ಕದಲುವುದಿಲ್ಲ. ಯಾವ ಭೌಗೋಳಿಕ ವ್ಯಾಪ್ತಿ, ಯಾವ ಮಾನಕ ಎಂದು ಮೊದಲೇ ಹೇಳದ ಅಧ್ಯಯನವನ್ನು ನಂಬುವುದು ಕಷ್ಟ.

ಸೆವಿಲ್ ಮಾರ್ಗದ ನಡುವಿನ ಸಿಯುದಾದ್ ರೆಯಾಲ್ ಲಾಭ ಪಡೆದ ಊರಿಗೆ ಹೆಸರಾದ ಉದಾಹರಣೆ. ಮ್ಯಾಡ್ರಿಡ್‌ಗೆ ಪ್ರಯಾಣ ಒಂದು ತಾಸಿನೊಳಗೆ ಬಂತು, ನಿಲ್ದಾಣ ಊರಿನಲ್ಲೇ ಇದೆ, ದಿನಓಡಾಟದವರಿಗೆಂದೇ ರೈಲುಗಳಿವೆ. ರಾಜಧಾನಿಗೆ ಕೆಲಸಕ್ಕೆ ಹೋಗುವವರಷ್ಟೇ ಅಲ್ಲ, ಅಲ್ಲಿಂದ ಇಲ್ಲಿನ ವಿಶ್ವವಿದ್ಯಾಲಯಕ್ಕೆ ಪಾಠ ಮಾಡಲು ಬರುವವರೂ ಇದ್ದಾರೆ. ಬಾರ್ಸಿಲೋನಾ ಮಾರ್ಗದ ಗ್ವಾದಲಹಾರಾದ ಕಥೆ ಬೇರೆ. ಅದರ ನಿಲ್ದಾಣ ಊರಾಚೆ ಯೆಬೆಸ್ ಬಳಿ ಇದೆ, ಅಲ್ಲಿಗೆ ಮುಟ್ಟಲು ಹಿಡಿಯುವ ಹೊತ್ತು ರೈಲು ಉಳಿಸಿದ ಹೊತ್ತನ್ನು ತಿನ್ನುತ್ತದೆ. ಮನೆಬಾಗಿಲಿನಿಂದ ಎಣಿಸದೆ ನಿಲ್ದಾಣದಿಂದ ನಿಲ್ದಾಣಕ್ಕೆ ಎಣಿಸುವ ಲೆಕ್ಕಕ್ಕೆ ಇದು ಕಾಣುವುದಿಲ್ಲ.

ಕುಎಂಕಾ ಇನ್ನೂ ಕಠಿಣ ಪರೀಕ್ಷೆ. 2010ರಲ್ಲಿ ಬಂದ ವಾಲೆನ್ಸಿಯಾ ಮಾರ್ಗ ಈ ನಗರವನ್ನು ಮ್ಯಾಡ್ರಿಡ್‌ಗೆ ಒಂದು ತಾಸಿನೊಳಗೆ ತಂದಿತು. ಆದರೆ ಕುಎಂಕಾ ಪ್ರಾಂತ್ಯದ ಹಳ್ಳಿಗಳನ್ನು ಮುಟ್ಟುತ್ತಿದ್ದ ಹಳೆಯ ಮಾರ್ಗದ ಪ್ರಯಾಣಿಕ ರೈಲುಗಳು 2022ರಲ್ಲಿ ನಿಂತವು. ನಗರಗಳನ್ನಷ್ಟೇ ಬಿಂದುಗಳಾಗಿ ಇಟ್ಟುಕೊಂಡ ಮಾದರಿಯಲ್ಲಿ ಇದೆಲ್ಲ ಲಾಭವೇ. ಹಳೆಯ ಮಾರ್ಗದ ಕಾರ್ಬೊನೆರಾಸ್‌ನಂಥ ಹಳ್ಳಿಗಳನ್ನು ಸೇರಿಸಿದರೆ ನಷ್ಟವೂ ಎದ್ದು ಕಾಣುತ್ತದೆ. ಎರಡು ನಿಲ್ದಾಣಗಳ ನಡುವಿನ ಊರುಗಳನ್ನು ರೈಲು ನೋಡದೆ ದಾಟುವ ಈ ಸ್ಥಿತಿಗೆ ‘ಸುರಂಗ ಪರಿಣಾಮ’ ಎಂದು ಹೆಸರು.

ಟಿಕೆಟ್ ದರವೂ ಕಾಲದ ನಕ್ಷೆಯಲ್ಲಿ ಮೂಡುವುದಿಲ್ಲ. 2021ರಲ್ಲಿ ಫ್ರಾನ್ಸಿನ ರೈಲು ಕಂಪನಿ ವಿಗೋ, ಮರುವರ್ಷ ಇರಿಯೋ ಕಂಪನಿ ಪೈಪೋಟಿಗೆ ಇಳಿದ ಮೇಲೆ ಬಾರ್ಸಿಲೋನಾ ಮಾರ್ಗದ ದರ ತಗ್ಗಿತು. ನಿಮಿಷಗಳು ಇದ್ದಲ್ಲೇ ಇದ್ದವು. ಹಾಗಾಗಿ ದರ, ಕಾಯುವ ಹೊತ್ತು, ರೈಲುಗಳ ಸಂಖ್ಯೆಯನ್ನು ಒಟ್ಟುಗೂಡಿಸಿದ ‘ಸಮಗ್ರ ವೆಚ್ಚ’ವೇ ಹೆಚ್ಚು ಪ್ರಾಮಾಣಿಕ ಅಳತೆ.

ಇದೇ ಪ್ರಶ್ನೆ ಭಾರತದ ಮುಂದೂ ಇದೆ. ಇಲ್ಲಿ ನಿರ್ಮಾಣದಲ್ಲಿರುವ ಮುಂಬಯಿ–ಅಹಮದಾಬಾದ್ ಮಾರ್ಗದ ಉದ್ದ 508 ಕಿ.ಮೀ., ನಿಲ್ದಾಣಗಳು 12. ಬೋಯಿಸರ್, ಬಿಲಿಮೋರಾಗಳಂಥ ಸಣ್ಣ ಊರುಗಳ ಪಾಲು ಎಷ್ಟೆಂಬುದು ಅಲ್ಲಿ ದಿನಕ್ಕೆ ಎಷ್ಟು ರೈಲು ನಿಲ್ಲುತ್ತವೆ ಎಂಬುದನ್ನು ಅವಲಂಬಿಸಿದೆ.