ರಜಾ ಶಿಬಿರಗಳು: ಮಗುವನ್ನು ಒಪ್ಪಿಸುವ ಮುನ್ನ

ಏಪ್ರಿಲ್ ತಿಂಗಳು ಬಂತೆಂದರೆ ಮಗರಪಟ್ಟಾದ ವಸತಿ ಸಮುಚ್ಚಯಗಳ ಸೂಚನಾ ಫಲಕಗಳಲ್ಲಿ ರಜಾ ಶಿಬಿರಗಳ ಕರಪತ್ರಗಳು ಕಾಣಿಸಿಕೊಳ್ಳುತ್ತವೆ. ಈಜು, ಸ್ಕೇಟಿಂಗ್, ಚಿತ್ರಕಲೆ, ಅಬ್ಯಾಕಸ್, ರೋಬೋಟಿಕ್ಸ್, ನಾಟಕ, ಒಲೆಯಿಲ್ಲದ ಅಡುಗೆ ಎಲ್ಲವನ್ನೂ ಹದಿನೈದು ದಿನಗಳಲ್ಲಿ ಕಲಿಸುವುದಾಗಿ ಅವು ಹೇಳುತ್ತವೆ. ಪಾಲಕರು ಈ ಪಟ್ಟಿಯನ್ನೂ ಶುಲ್ಕವನ್ನೂ ಹೋಲಿಸಿ ನೋಡಿ ಮಗುವಿನ ಹೆಸರನ್ನು ನೋಂದಾಯಿಸುತ್ತಾರೆ. ಆದರೆ ಅಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರು, ಒಬ್ಬರ ಪಾಲಿಗೆ ಎಷ್ಟು ಮಕ್ಕಳು ಎಂಬುದು ಕರಪತ್ರದಲ್ಲಿ ಇರುವುದು ಅಪರೂಪ. ಶಿಬಿರದ ಗುಣಮಟ್ಟ ನಿರ್ಧಾರವಾಗುವುದು ಮುಖ್ಯವಾಗಿ ಈ ಸಂಗತಿಗಳಿಂದಲೇ.

ಹಿನ್ನೆಲೆ

ಹಡಪಸರದ ಮಗರಪಟ್ಟಾ ಎರಡು ಸಾವಿರದ ಇಸವಿಯವರೆಗೂ ಬಹುಮಟ್ಟಿಗೆ ಹೊಲಗದ್ದೆಗಳ ಪ್ರದೇಶವಾಗಿತ್ತು. ಇಲ್ಲಿಯ ನೂರಕ್ಕೂ ಮಿಕ್ಕಿದ ರೈತ ಕುಟುಂಬಗಳು ತಮ್ಮ ಸುಮಾರು 400 ಎಕರೆ ಜಮೀನನ್ನು ಹೊರಗಿನವರಿಗೆ ಮಾರಿಬಿಡದೆ ಒಟ್ಟುಗೂಡಿಸಿ, ತಾವೇ ಪಾಲುದಾರರಾಗಿ ನಗರವೊಂದನ್ನು ಕಟ್ಟಿಸಿದ ಕಥೆ ಪ್ರಸಿದ್ಧವೇ ಆಗಿದೆ. ಮಾಹಿತಿ ತಂತ್ರಜ್ಞಾನದ ಕಚೇರಿಗಳ ಬೆನ್ನಿಗೆ ಕನ್ನಡದ ಕುಟುಂಬಗಳೂ ಇಲ್ಲಿಗೆ ಬಂದು ನೆಲೆಸಿದವು. ದಂಪತಿಗಳಿಬ್ಬರೂ ಉದ್ಯೋಗಸ್ಥರು, ಅಜ್ಜ ಅಜ್ಜಿಯರು ಧಾರವಾಡ, ವಿಜಯಪುರ, ಉಡುಪಿಗಳಲ್ಲಿ.

ಮೊದಲು ರಜೆಯೆಂದರೆ ಅಜ್ಜಿಯ ಊರು. ಈಗ ಅದಕ್ಕೊಂದು ತೊಡಕಿದೆ. ಕರ್ನಾಟಕದ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ರಜೆ. ಮಹಾರಾಷ್ಟ್ರದ ಶಾಲೆಗಳಿಗೆ ಮೇ ತಿಂಗಳಿನಿಂದ ಜೂನ್ ಮಧ್ಯದವರೆಗೆ. ಇಲ್ಲಿಯ ಮಕ್ಕಳಿಗೆ ಬಿಡುವಾಗುವ ಹೊತ್ತಿಗೆ ಅಲ್ಲಿಯ ಓರಗೆಯವರ ಅರ್ಧ ರಜೆ ಮುಗಿದಿರುತ್ತದೆ. ಜೂನ್ ತಿಂಗಳಲ್ಲಂತೂ ಅವರು ಶಾಲೆಗೆ ಹೊರಟಾಗಿರುತ್ತದೆ. ಉಳಿದ ವಾರಗಳಿಗೆ ಪುಣೆಯಲ್ಲಿ ಗತಿಯೆಂದರೆ ಪಾಳಣಾಘರ, ಛಂದವರ್ಗ ಅಥವಾ ರಜಾ ಶಿಬಿರ.

ಆರೈಕೆಯ ಅಳತೆಗೋಲು

ಮೊದಲನೆಯದು ಮಕ್ಕಳಿಗೂ ಹಿರಿಯರಿಗೂ ಇರುವ ಅನುಪಾತ. ಖಾಸಗಿ ಪ್ಲೇಸ್ಕೂಲುಗಳಿಗಾಗಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ರೂಪಿಸಿದ ಮಾರ್ಗಸೂಚಿಯಲ್ಲಿ 3ರಿಂದ 6 ವರ್ಷದ 20 ಮಕ್ಕಳಿಗೆ ಒಬ್ಬ ಶಿಕ್ಷಕಿ ಮತ್ತು ಒಬ್ಬ ಆರೈಕೆದಾರರು ಇರಬೇಕೆಂದಿದೆ. ಇದು ಶಿಬಿರಗಳಿಗಾಗಿ ಬರೆದ ನಿಯಮವಲ್ಲ. ಆದರೆ ಪಾಲಕರ ಕೈಯಲ್ಲಿ ಅಳತೆಗೋಲಾಗಿ ಉಪಯುಕ್ತ. ಇಬ್ಬರು ತರುಣ ಸ್ವಯಂಸೇವಕರು 40 ಮಕ್ಕಳನ್ನು ನಿಭಾಯಿಸುವ ಕಡೆ ಆರೈಕೆಯನ್ನು ನಿರೀಕ್ಷಿಸುವುದು ಕಷ್ಟ.

ಎರಡನೆಯದು ಸಿಬ್ಬಂದಿಯ ಪರಿಚಯ. ಶಿಬಿರದ ತರಬೇತುದಾರರು ಒಂದು ತಿಂಗಳ ಮಟ್ಟಿಗೆ ಬಂದು ಹೋಗುವವರಾಗಿರಬಹುದು. ಅವರ ಗುರುತನ್ನೂ ಹಿನ್ನೆಲೆಯನ್ನೂ ಪೊಲೀಸರ ಮೂಲಕ ಪರಿಶೀಲಿಸಲಾಗಿದೆಯೇ ಎಂದು ಕೇಳುವುದು ಅಪನಂಬಿಕೆಯಲ್ಲ. ಬ್ಯಾಂಕಿನಲ್ಲಿ ಐವತ್ತು ಸಾವಿರ ರೂಪಾಯಿ ಸಾಲ ಕೊಡುವಾಗ ನಾವು ಹತ್ತಾರು ಕಾಗದಪತ್ರಗಳನ್ನು ಕೇಳುತ್ತೇವೆ, ಯಾರೂ ಬೇಸರಿಸುವುದಿಲ್ಲ. ಮಗುವನ್ನು ಒಪ್ಪಿಸುವಾಗ ಒಂದು ಪ್ರಶ್ನೆ ಕೇಳಲೂ ಸಂಕೋಚಪಡುತ್ತೇವೆ.

ಮೂರನೆಯದು ಕಾನೂನು. ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆಯ 2012ರ ಕಾಯಿದೆ, ಅಂದರೆ ಪೋಕ್ಸೋ, 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ಇಂಥ ಅಪರಾಧ ನಡೆದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ವರದಿ ಮಾಡದೆ ಉಳಿದರೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. "ಸಂಸ್ಥೆಯ ಮರ್ಯಾದೆ" ಎಂಬ ನೆಪಕ್ಕೆ ಇಲ್ಲಿ ಎಡೆಯಿಲ್ಲ. ತೊಂದರೆಯಲ್ಲಿರುವ ಮಗುವಿಗಾಗಿ 1098 ಸಹಾಯವಾಣಿಯೂ ಇದೆ. ಈ ಸಂಖ್ಯೆಯನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಬೇಕು.

ನಾಲ್ಕನೆಯದು ನೀರು ಮತ್ತು ಬಿಸಿಲು. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೈಬೀಸಿ ಕೂಗುವುದಿಲ್ಲ. ಹೆಚ್ಚಾಗಿ ಸದ್ದಿಲ್ಲದೆ ಮುಳುಗುತ್ತದೆ. ಆದ್ದರಿಂದ ಈಜು ಕಲಿಸುವವರಲ್ಲದೆ ಕೊಳದ ದಡದಲ್ಲಿ ಕಾವಲಿಗೆಂದೇ ಬೇರೊಬ್ಬರಿರಬೇಕು. ಪುಣೆಯಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ತಾಪಮಾನ ಕೆಲವು ದಿನ 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಮಧ್ಯಾಹ್ನ 12ರಿಂದ 3ರವರೆಗೆ ಮೈದಾನದ ಆಟವಿಟ್ಟುಕೊಳ್ಳದ ಶಿಬಿರವೇ ವಿವೇಕದ ಶಿಬಿರ.

ಚಟುವಟಿಕೆಗಳು: ಸಂಖ್ಯೆಯಲ್ಲ, ಸಾವಧಾನ

ಮಕ್ಕಳ ಬಿಡುವಿನ ವೇಳೆಯ ಬಗೆಗೆ ಕನ್ನಡದಲ್ಲಿ ಗಂಭೀರವಾದ ಪರಂಪರೆಯೇ ಇದೆ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ನಾಟಕ, ಕುಣಿತಗಳ ಮೂಲಕ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಪ್ರೇಮಾ ಕಾರಂತರು 1979ರಲ್ಲಿ ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರವನ್ನು ಆರಂಭಿಸಿ ಮಕ್ಕಳ ರಂಗಭೂಮಿಗೆ ಆಯುಷ್ಯವನ್ನೇ ಕೊಟ್ಟರು. ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ನಡೆಸುವ ಚಿಣ್ಣರ ಮೇಳದಲ್ಲಿ ಮಕ್ಕಳು ವಾರಗಟ್ಟಲೆ ಕೂಡಿ ದುಡಿದು, ಕೊನೆಗೆ ತಾವೇ ನಾಟಕವಾಡುತ್ತಾರೆ. ದಿನಕ್ಕೊಂದು ಹೊಸ ವಿದ್ಯೆಯನ್ನು ಹಚ್ಚಿ ಬಿಡುವುದು ಇವರಾರ ರೀತಿಯೂ ಅಲ್ಲ. ಒಂದು ಕೆಲಸದಲ್ಲಿ ಮಗು ಮೈಮರೆಯುವಷ್ಟು ಸಮಯ ಕೊಡುವುದೇ ಇವುಗಳ ಗುಟ್ಟು.

ಪುಣೆಯಲ್ಲಿಯೂ ಮಾದರಿಗಳಿಗೆ ಕೊರತೆಯಿಲ್ಲ. ಸಾರಸಬಾಗಿನ ಬಳಿಯ ಗರವಾರೆ ಬಾಲಭವನ 1985ರಿಂದ ಆಟವನ್ನೇ ಮಕ್ಕಳ ಹಕ್ಕೆಂದು ಭಾವಿಸಿ ನಡೆದುಬಂದ ಸಂಸ್ಥೆ. ವಿಶ್ವವಿದ್ಯಾಲಯದ ಆವರಣದಲ್ಲಿರುವ ಆಯುಕಾ ಖಗೋಳ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಅರವಿಂದ ಗುಪ್ತಾ ಒಂದು ದಶಕಕ್ಕೂ ಮಿಕ್ಕಿ ದುಡಿದರು. ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ತ್ರಿಕೋನ, ಘನಾಕೃತಿಗಳನ್ನು ಕಟ್ಟುವ ಅವರ ಆಟಿಕೆಗೆ ತಗಲುವುದು ಕೆಲವೇ ರೂಪಾಯಿ. ದುಬಾರಿ ಸಲಕರಣೆ ಒಳ್ಳೆಯ ಚಟುವಟಿಕೆಯ ಲಕ್ಷಣವಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೊನೆಯ ದಿನದ ಪ್ರದರ್ಶನವನ್ನೂ ಎಚ್ಚರದಿಂದ ನೋಡಬೇಕು. ಎಲ್ಲ ಮಕ್ಕಳ ಚಿತ್ರಗಳೂ ಒಂದೇ ರೀತಿ ಅಚ್ಚುಕಟ್ಟಾಗಿದ್ದರೆ ಕುಂಚ ಹಿಡಿದ ಕೈ ಮಗುವಿನದೇ ಎಂದು ಹೇಳಲಾಗದು.

ಕನ್ನಡದ ಮಾತು

ಮಗರಪಟ್ಟಾದ ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಆಟದ ಬಯಲಿನಲ್ಲಿ ಹಿಂದಿ, ಮರಾಠಿ ಆಡುತ್ತಾರೆ. ಅಜ್ಜಿಯ ಊರಿನ ರಜೆ ಕಿರಿದಾದಷ್ಟೂ ಅವರ ಕಿವಿಗೆ ಕನ್ನಡ ಬೀಳುವ ದಿನಗಳೂ ಕಡಿಮೆಯಾಗುತ್ತವೆ. ಈ ನಷ್ಟವನ್ನು ಯಾವ ಕ್ಲಬ್ಬೂ ತುಂಬಿಕೊಡಲಾರದು. ಆದರೆ ನಾಲ್ಕಾರು ಕನ್ನಡ ಕುಟುಂಬಗಳು ಸರದಿಯ ಮೇಲೆ ಸಂಜೆಯ ಒಂದೊಂದು ಗಂಟೆಯನ್ನು ಕಥೆ, ಒಗಟು, ಚೌಕಾಬಾರ, ಅಳಗುಳಿಮಣೆಗಳಿಗೆ ಮೀಸಲಿಟ್ಟರೆ ಬಹಳಷ್ಟು ಸಾಧ್ಯ. ಬೇಸಿಗೆಯಲ್ಲಿ ಊರಿನಿಂದ ಬರುವ ಹಿರಿಯರೇ ಇದಕ್ಕೆ ಉತ್ತಮ ಶಿಕ್ಷಕರು.

ಸೇರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ನನ್ನ ಮಗುವಿನ ಗುಂಪಿನಲ್ಲಿ ಎಷ್ಟು ಮಕ್ಕಳು, ಎಷ್ಟು ಹಿರಿಯರು?
2. ಸಿಬ್ಬಂದಿಯ ಹಿನ್ನೆಲೆಯನ್ನು ಪರಿಶೀಲಿಸಿದವರು ಯಾರು?
3. ಮಗುವನ್ನು ಯಾರ ಕೈಗೆ ಒಪ್ಪಿಸುತ್ತೀರಿ? ಸಹಿ ಪಡೆಯುವ ಕ್ರಮವಿದೆಯೇ?
4. ಪ್ರಥಮ ಚಿಕಿತ್ಸೆ ಬಲ್ಲವರು ದಿನವಿಡೀ ಇರುತ್ತಾರೆಯೇ? ಹತ್ತಿರದ ಆಸ್ಪತ್ರೆ ಯಾವುದು?
5. ಕುಡಿಯುವ ನೀರು, ಶೌಚಾಲಯ, ತಿಂಡಿಗಳ ವ್ಯವಸ್ಥೆ ಹೇಗೆ? ಒಗ್ಗದ ಪದಾರ್ಥಗಳನ್ನು ಬರೆದಿಟ್ಟುಕೊಳ್ಳುತ್ತೀರಾ?
6. ಹೇಳದೆ ಕೇಳದೆ ಬಂದು ನೋಡಲು ಪಾಲಕರಿಗೆ ಅವಕಾಶವಿದೆಯೇ?
7. ಮಗುವಿಗೆ ಅಂದಿನ ಚಟುವಟಿಕೆ ಬೇಡವಾದರೆ ಏನು ಮಾಡುತ್ತೀರಿ?

ಆರನೆಯ ಪ್ರಶ್ನೆಗೆ ಇಲ್ಲವೆಂಬ ಉತ್ತರ ಬಂದರೆ ಉಳಿದವನ್ನು ಕೇಳಬೇಕಾಗಿಲ್ಲ. ಬೇರೆ ಶಿಬಿರ ನೋಡುವುದು ಲೇಸು. ಏಳನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಅಲ್ಲಿಯವರ ಸ್ವಭಾವ ತಿಳಿಯುತ್ತದೆ.

ಸೇರಿಸಿದ ನಂತರದ ಪರೀಕ್ಷೆ ಇನ್ನೂ ಸುಲಭ. ಸಂಜೆ ಮಗುವನ್ನು "ಏನು ಕಲಿತೆ?" ಎಂದು ಕೇಳದೆ "ಯಾರ ಜೊತೆ ಆಡಿದೆ?" ಎಂದು ಕೇಳಿ ನೋಡಬೇಕು. ಹೇಳಲು ಹೆಸರುಗಳಿದ್ದು, ಮರುದಿನ ಬೆಳಿಗ್ಗೆ ಮಗು ತಾನೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತರೆ ಶಿಬಿರ ಬಹುಮಟ್ಟಿಗೆ ಸರಿಯಾಗಿಯೇ ಇದೆ. ಮಗು ಇದ್ದಕ್ಕಿದ್ದಂತೆ ಮಂಕಾದರೆ, ಅಲ್ಲಿಗೆ ಹೋಗಲು ಒಲ್ಲೆನೆಂದರೆ, ಕಟ್ಟಿದ ಶುಲ್ಕ ಹೋದರೂ ಚಿಂತೆಯಿಲ್ಲವೆಂದು ಕೂಡಲೇ ನಿಲ್ಲಿಸಿ, ಕಾರಣವನ್ನು ಮಗುವಿನಿಂದ ಸಮಾಧಾನವಾಗಿ ಕೇಳಿ ತಿಳಿಯಬೇಕು.