ಹೆಸರಿಲ್ಲದ ವೀರಗಲ್ಲು



ನಮ್ಮ ಕೋಟುಮಚಗಿ ಶಾಸನದ ಊರು. ಕ್ರಿ.ಶ. 1012ರಲ್ಲಿ, ಕಲ್ಯಾಣ ಚಾಲುಕ್ಯರ ಐದನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇಲ್ಲಿ ಬರೆಸಿದ ಶಾಸನವು ವಿದ್ಯಾದಾನಕ್ಕೆ ಭೂಮಿ ಬಿಟ್ಟ ಸಂಗತಿಯನ್ನು ಹೇಳುತ್ತದೆ. ದಾನ ಕೊಟ್ಟವರ ಹೆಸರಿನಂತೆಯೇ ಕಾದಿ ಮಡಿದವರ ಹೆಸರೂ ಕಲ್ಲಿನಲ್ಲಿ ನಿಲ್ಲಬೇಕೆಂಬುದು ಕನ್ನಡ ನಾಡಿನ ಹಳೆಯ ನಡಾವಳಿ. ದನಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತ ಸಾಮಾನ್ಯನಿಗೂ ಊರವರು ವೀರಗಲ್ಲು ನಿಲ್ಲಿಸಿದರು. ಕೆಳಗೆ ಕಾಳಗ, ನಡುವೆ ಅವನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನಶಿಲೆಯಂತೂ ಕಾಡುಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ ಎಂಬ ನಾಯಿಯ ಹೆಸರನ್ನೇ ಉಳಿಸಿದೆ.

ಇಂಥ ನಾಡಿನಿಂದ ಮೊದಲನೆಯ ಮಹಾಯುದ್ಧಕ್ಕೆ ಹೋದವರ ಹೆಸರುಗಳು ಏನಾದವು ಎಂಬುದೇ ಈ ಬರಹದ ಪ್ರಶ್ನೆ.

ಆಗ ಕನ್ನಡಿಗರು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದರು. ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಜೋಧಪುರದ ಪಡೆಯೊಡನೆ ಹೈಫಾ ಪಟ್ಟಣವನ್ನು ಗೆದ್ದುಕೊಟ್ಟಿತು. ಜೋಧಪುರದವರು ಊರಿನತ್ತ ನುಗ್ಗಿದಾಗ, ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟದ ಮೇಲಿದ್ದ ಶತ್ರುವಿನ ತೋಪುಗಳನ್ನು ಹಿಡಿದರು. ಆ ದಿನ ಸೆರೆಸಿಕ್ಕವರು 1,350 ಜನ. ಈ ಶೌರ್ಯಕ್ಕೆ ದೆಹಲಿಯಲ್ಲಿ ತೀನ್ ಮೂರ್ತಿ ಸ್ಮಾರಕವಿದೆ. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಎಂಬುದೂ ಸೇರಿತು.

ನಮ್ಮ ಗದಗ ಸೀಮೆಯ ಕತೆ ಬೇರೆ. ನಾವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯವರು. ಬೆಳಗಾವಿ, ಧಾರವಾಡಗಳ ಕಡೆಯಿಂದ ಸೈನ್ಯಕ್ಕೆ ಹೋದವರಲ್ಲಿ ಹಲವರು ಮರಾಠಾ ಪದಾತಿ ದಳಗಳನ್ನು ಸೇರಿದರು. ಸಿಪಾಯಿಗೆ ತಿಂಗಳಿಗೆ 11 ರೂಪಾಯಿ ಸಂಬಳ. ಮಳೆಯನ್ನೇ ನಂಬಿದ ಎರೆಭೂಮಿಯ ಮನೆತನಕ್ಕೆ ಅದು ಸಣ್ಣ ಮೊತ್ತವಲ್ಲ. ಬಂದೂಕು ಹಿಡಿದವರಷ್ಟೇ ಅಲ್ಲ, ಹೇಸರಗತ್ತೆ ನಡೆಸುವವರು, ನೀರು ಹೊರುವವರು, ಅಡುಗೆಯವರು, ಕೂಲಿಯವರು ಸಹ ಹಡಗು ಹತ್ತಿದರು.

103, 110 ಮತ್ತು 117ನೆಯ ಮರಾಠಾ ದಳಗಳು ಇಂದಿನ ಇರಾಕಾದ ಮೆಸೊಪೊಟೇಮಿಯಾಕ್ಕೆ ಹೋದವು. ಬಾಗ್ದಾದಿನ ಸಮೀಪದವರೆಗೆ ಮುನ್ನಡೆದ ಸೈನ್ಯವು 1915ರ ನವೆಂಬರಿನಲ್ಲಿ ಟೆಸಿಫಾನಿನಲ್ಲಿ ತಡೆಯಲ್ಪಟ್ಟು ಕೂತ್ ಎಂಬ ಊರಿಗೆ ಹಿಮ್ಮೆಟ್ಟಿತು. ಡಿಸೆಂಬರ್ 7ರಂದು ತುರ್ಕಿಯರು ಮುತ್ತಿಗೆ ಹಾಕಿದರು. ಬಿಡಿಸಲು ಬಂದ ಪಡೆಗಳು ಮತ್ತೆ ಮತ್ತೆ ಸೋತವು. ಒಳಗೆ ದಿನದ ಪಡಿ ಕುಗ್ಗುತ್ತ ಹೋಗಿ, ಕುದುರೆಗಳನ್ನು ಕೊಂದು ತಿನ್ನುವ ಸ್ಥಿತಿ ಬಂದಿತು. ಆ ಮಾಂಸವನ್ನು ಮುಟ್ಟಲಾರದ ಅನೇಕ ಭಾರತೀಯರು ಹಸಿವಿನಿಂದಲೂ ರೋಗದಿಂದಲೂ ಕಂಗೆಟ್ಟರು. ಕೊನೆಗೆ 1916ರ ಏಪ್ರಿಲ್ 29ರಂದು, ಸುಮಾರು 13,000 ಜನ ಶರಣಾದರು. ಬಳಿಕ ಮರಳುಗಾಡಿನ ಕಾಲ್ನಡಿಗೆ, ರೈಲುಹಾದಿಯ ಕಠಿಣ ದುಡಿತ. ಸೆರೆಯಲ್ಲಿಯೇ ಸಾವಿರಾರು ಜನ ತೀರಿಕೊಂಡರು.

ಸಮಾಧಿಯೇ ತಿಳಿಯದ ಇಂಥವರಿಗಾಗಿ ಬಸ್ರಾದಲ್ಲಿ 1929ರಲ್ಲಿ ಒಂದು ಸ್ಮಾರಕ ಸಿದ್ಧವಾಯಿತು. ಅಲ್ಲಿ ಸ್ಮರಿಸಲ್ಪಟ್ಟವರು 40,500ಕ್ಕೂ ಹೆಚ್ಚು. ಆದರೆ ಗೋಡೆಯ ಮೇಲೆ ಬ್ರಿಟಿಷ್ ಸೈನಿಕರ ಹೆಸರುಗಳನ್ನೂ ಭಾರತೀಯ ಅಧಿಕಾರಿಗಳ ಹೆಸರುಗಳನ್ನೂ ಕೆತ್ತಿ, ಸಾಮಾನ್ಯ ಭಾರತೀಯ ಸಿಪಾಯಿಗಳನ್ನು ದಳವಾರು ಕೇವಲ ಸಂಖ್ಯೆಯಲ್ಲಿ ನಮೂದಿಸಲಾಯಿತು. ‘ಮತ್ತಿತರ ಇಷ್ಟು ಮಂದಿ’ ಎಂಬಂತೆ! ಸ್ಥಳದ ಕೊರತೆಯೋ ವಾಡಿಕೆಯೋ ಕಾರಣವೆನ್ನೋಣವೆಂದರೆ, ಎರಡು ವರ್ಷ ಮೊದಲು ಫ್ರಾನ್ಸಿನ ನವ್ ಶಪೆಲ್‌ನಲ್ಲಿ ಎದ್ದ ಸ್ಮಾರಕವು 4,700ಕ್ಕೂ ಹೆಚ್ಚು ಭಾರತೀಯರನ್ನು, ಸಿಪಾಯಿ ಕೂಲಿಯೆನ್ನದೆ, ಹೆಸರು ಹಿಡಿದೇ ಸ್ಮರಿಸುತ್ತದೆ. ಯುರೋಪಿನಲ್ಲಿ ಸತ್ತವನಿಗೆ ಹೆಸರುಂಟು, ಏಷ್ಯಾದಲ್ಲಿ ಸತ್ತವನಿಗಿಲ್ಲ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವು 2021ರಲ್ಲಿ ಈ ತಾರತಮ್ಯವನ್ನು ತಾನೇ ಒಪ್ಪಿಕೊಂಡು ಕ್ಷಮೆ ಕೇಳಿತು.

ಪರದೇಶದ ಅರಸನಿಗಾಗಿ ಕಾದಿದವರನ್ನು ನಾವೇಕೆ ನೆನೆಯಬೇಕೆಂದು ಕೆಲವರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಆ ಯುದ್ಧದ ಗುರಿ ನಮ್ಮದಾಗಿರಲಿಲ್ಲ. ಮುಗಿದ ಮೇಲೆ ನಮಗೆ ದೊರೆತದ್ದು ರೌಲತ್ ಶಾಸನ. ಆದರೆ ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತುಂಟು: ಉಂಡ ಜೋಳದ ಋಣ ತೀರಿಸುವುದು. ನಮ್ಮ ಹಿರಿಯರು ವೀರಗಲ್ಲು ನಿಲ್ಲಿಸುವಾಗ ಅರಸನ ಗುರಿ ಸರಿಯೋ ತಪ್ಪೋ ಎಂದು ತೂಗಲಿಲ್ಲ, ಮಡಿದವನು ತಮ್ಮವನೆಂಬುದನ್ನು ನೋಡಿದರು. ನಾವೂ ಅಷ್ಟನ್ನೇ ನೋಡಿದರೆ ಸಾಕು.

ಇದಕ್ಕೆ ದೊಡ್ಡ ಸಂಶೋಧನೆ ಬೇಕಿಲ್ಲ. ಹಳೆಯ ಪೆಟ್ಟಿಗೆಗಳಲ್ಲಿ ಆ ಕಾಲದ ಪದಕಗಳಿದ್ದರೆ ಅವುಗಳ ಅಂಚನ್ನು ಭೂತಗನ್ನಡಿ ಹಿಡಿದು ನೋಡಿರಿ. ಸೈನಿಕನ ಸಂಖ್ಯೆ, ಹೆಸರು, ದಳ ಅಲ್ಲಿಯೇ ಒತ್ತಿರುತ್ತವೆ. ಮಡಿದವರ ಮನೆಗೆ ಹೆಸರು ಮೂಡಿಸಿದ ಕಂಚಿನ ದುಂಡು ಫಲಕವೂ ಬರುತ್ತಿತ್ತು. ಬೆಳ್ಳಿಯ ಆಸೆಗೆ, ಹಿತ್ತಾಳೆಯ ಬೆಲೆಗೆ ಅವನ್ನು ಕರಗಿಸಬೇಡಿರಿ. ಮೇಲೆ ಹೇಳಿದ ಆಯೋಗದ ಜಾಲತಾಣದಲ್ಲಿ ಮಡಿದವರ ದಾಖಲೆಗಳನ್ನು ಉಚಿತವಾಗಿ ಹುಡುಕಬಹುದು. ಎಷ್ಟೋ ದಾಖಲೆಗಳಲ್ಲಿ ತಂದೆಯ ಹೆಸರು, ಊರು, ಜಿಲ್ಲೆಗಳೂ ಇವೆ. ಧಾರವಾಡವನ್ನು ಆಗ ಇಂಗ್ಲಿಷಿನಲ್ಲಿ ‘ಧಾರವಾರ್’ ಎಂದು ಬರೆಯುತ್ತಿದ್ದರೆಂಬುದನ್ನು ಮರೆಯದಿರಿ.

ಮನೆಯಲ್ಲಿ ‘ದಂಡಿಗೆ ಹೋದ ಅಜ್ಜ’ನ ಮಾತು ಕೇಳಿದ್ದವರು ಈಗಲೇ ಹಿರಿಯರನ್ನು ಕೇಳಿ ಬರೆದಿಡಿರಿ. ಆ ಮಾತು ಕೇಳಿಸಿಕೊಂಡ ಮೊಮ್ಮಕ್ಕಳಿಗೂ ಈಗ ವಯಸ್ಸಾಗಿದೆ.